ಲಾನ್ ಲೆಕ್ಕ, ಭಾಗ 6: ಎರಡು ಔಷಧಿ, ಒಂದೇ ಪಂಪು

1/7
ಮೊದಲನೇ ಫೋಟೋ ಜೂಮ್ ಮಾಡಿ. ದೂರದಿಂದ ನೋಡಿದ್ರೆ ಎಲ್ಲಾ ಒಂದೇ ಹಸಿರು. ಹತ್ತಿರ ಹೋದ್ರೆ ಮೂರು ಪಂಗಡ. ನೆಟ್ಟಿದ್ದು ಮೆಕ್ಸಿಕನ್ ಹುಲ್ಲು. ಅದರ ನಡುವೆ ಹೊಳೆಯೋ ಎಲೆ ಬಿಟ್ಕೊಂಡು ತಲೆ ಎತ್ತಿರೋದು ಜೇಕು. ಅದರ ಕಾಂಡವನ್ನ ಬೆರಳಲ್ಲಿ ಉರುಳಿಸಿ ನೋಡಿ, ಮೂರು ಏಣು ಕೈಗೆ ಸಿಗುತ್ತೆ. ಇನ್ನುಳಿದದ್ದು ಅಗಲ ಎಲೆಯವು: ಮುಟ್ಟಿದರೆ ಮುನಿ, ಒಂದೆಲಗ, ಮೂಲೆಯಲ್ಲಿ ಒಂದು ಕಾಂಗ್ರೆಸ್ ಗಿಡ.

"ಔಷಧಿ ಹೊಡೆದುಬಿಡಿ" ಅನ್ನೋಕೆ ಮುಂಚೆ ಈ ಮೂರನ್ನ ಬೇರೆ ಬೇರೆ ಗುರುತಿಸ್ಬೇಕು. ಯಾಕಂದ್ರೆ ಒಂದರ ಔಷಧಿ ಇನ್ನೊಂದಕ್ಕೆ ಆಗಲ್ಲ.

ಹೊಸಬರಿಗೆ: ನಮ್ಮಪ್ಪ ಮೈಸೂರಲ್ಲಿ ಮನೆಗಳ ಲಾನ್ ನೋಡ್ಕೊಳ್ತಾರೆ, ಬಿಲ್ ಬರೆಯೋದು ನಾನು. ಒಂಬತ್ತು ಮನೆ ಇತ್ತು, ಈಗ ಎಂಟು. ಯಾಕೆ ಅಂತ ಆರನೇ ಸ್ಲೈಡಲ್ಲಿ ಹೇಳ್ತೀನಿ.

2/7 ಯಾಕೆ ಬೆರೆಸ್ತಾರೆ?
2,4-ಡಿ ಅನ್ನೋದು 1940ರ ದಶಕದಿಂದ ಮಾರುಕಟ್ಟೆಯಲ್ಲಿರೋ ಕಳೆನಾಶಕ. ಗಿಡದ ಬೆಳವಣಿಗೆಯ ಹಾರ್ಮೋನಿನ ಥರ ನಟಿಸುತ್ತೆ. ಅಗಲ ಎಲೆಯ ಗಿಡ ತಿರುಚಿಕೊಂಡು ಸಾಯುತ್ತೆ, ಹುಲ್ಲು ಹೆಚ್ಚಾಗಿ ಉಳಿಯುತ್ತೆ. ಜೇಕಿನ ಗೆಡ್ಡೆಗೆ ಅದು ಸಾಲಲ್ಲ, ಅದಕ್ಕೆ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಅಂತ ಬೇರೆ ಬರುತ್ತೆ. ಗ್ಲೈಫೋಸೇಟ್ ಹೊಡೆದ್ರೆ ಕಳೆ ಜೊತೆ ಲಾನೂ ಹೋಗುತ್ತೆ. ಅದನ್ನ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆಯನ್ನೂ ಹೊರಡಿಸಿತ್ತು.

ಎರಡು ಥರದ ಕಳೆ ಅಂದ್ರೆ ಎರಡು ಸಲ ಹೊಡೀಬೇಕು, ಎರಡು ದಿನದ ಕೂಲಿ. ಬೆರೆಸಿದ್ರೆ ಒಂದೇ ದಿನ. ಆಸೆ ಹುಟ್ಟೋದು ಇಲ್ಲೇ.

ಅಮೆರಿಕದಲ್ಲಿ 2,4-ಡಿ, ಡೈಕಾಂಬಾ, ಮೆಕೋಪ್ರಾಪ್ ಮೂರನ್ನೂ ಕಂಪನಿಯವರೇ ಬೆರೆಸಿ, ಲಾನಿಗೆ ಅಂತಲೇ ಲೇಬಲ್ ಹಾಕಿ ಮಾರ್ತಾರೆ. ನಮ್ಮ ಗೊಬ್ಬರದ ಅಂಗಡೀಲಿ ಸಿಗೋ ಡಬ್ಬಿ ಮೇಲೆ ಹೆಚ್ಚಾಗಿ ಗೋಧಿ, ಮೆಕ್ಕೆಜೋಳ, ಕಬ್ಬು ಅಂತ ಬೆಳೆ ಹೆಸರಿರುತ್ತೆ. ಅಲ್ಲಿ ಫ್ಯಾಕ್ಟರಿ ಬೆರೆಸುತ್ತೆ. ಇಲ್ಲಿ ಬಕೆಟ್ಟು, ಕೋಲು, ಬರಿಗೈ.

3/7 ಒಂದು ಪ್ಲಸ್ ಒಂದು ಎರಡಾಗಲ್ಲ
ಪ್ಯಾರಾಕ್ವಾಟ್ ತಾಗಿದ ಎಲೆಯನ್ನ ಬೇಗ ಸುಡುತ್ತೆ. ಗ್ಲೈಫೋಸೇಟ್ ಕೆಲಸ ಮಾಡೋಕೆ ಹಸಿ ಎಲೆ ಬೇಕು, ಅದರ ಮೂಲಕ ನಿಧಾನವಾಗಿ ಬೇರಿಗೆ ಇಳೀಬೇಕು. ಎರಡನ್ನೂ ಬೆರೆಸಿದ್ರೆ ಮೊದಲನೆಯದು ಎರಡನೆಯದರ ದಾರಿಯನ್ನೇ ಸುಟ್ಟುಬಿಡುತ್ತೆ. ದುಡ್ಡು ಡಬಲ್, ಫಲ ಕಮ್ಮಿ. ಜೊತೆಗೆ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದ್ರೆ ಅದಕ್ಕೆ ಪ್ರತಿವಿಷ ಇಲ್ಲ. ಮನೆ ಅಂಗಳಕ್ಕೆ ಅದು ಬರಲೇಬಾರದು.

ಹುಲ್ಲು ಜಾತಿಯ ಕಳೆಗೆ ಅಂತ ಇರೋ ಕೆಲವು ಔಷಧಿಗಳ ಶಕ್ತಿಯನ್ನ 2,4-ಡಿ ಕಮ್ಮಿ ಮಾಡುತ್ತೆ. ನೀರೂ ಆಟ ಆಡುತ್ತೆ. ಬೋರ್‌ವೆಲ್ ನೀರು ಗಡಸಾಗಿದ್ರೆ ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ 2,4-ಡಿ ಅಮೈನ್ ಜೊತೆ ಸೇರಿ ಗಸಿ ಕೂರುತ್ತೆ, ನಾಝಲ್ ಕಟ್ಕೊಳ್ಳುತ್ತೆ.

4/7 ಬೆರೆಸಲೇಬೇಕು ಅಂದ್ರೆ
ಸೇವ್ ಮಾಡ್ಕೊಳ್ಳಿ.
• ಎರಡೂ ಲೇಬಲ್ ಓದಿ. ಒಂದರಲ್ಲಿ ಬೇಡ ಅಂತಿದ್ರೂ, ಲಾನ್ ಹೆಸರೇ ಇಲ್ಲದಿದ್ರೂ ಅಲ್ಲಿಗೇ ನಿಲ್ಲಿಸಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.
• ಮೊದಲು ಜಾರ್ ಟೆಸ್ಟ್. ಅದೇ ನೀರು, ಅದೇ ಅಳತೆ, ಪಾರದರ್ಶಕ ಬಾಟಲಿ, ಅರ್ಧ ಗಂಟೆ. ಗಂಟು, ಗಸಿ, ಪದರ, ಬಿಸಿ ಯಾವುದು ಕಂಡ್ರೂ ಬೇಡ. ಟೆಸ್ಟ್ ಪಾಸಾದ್ರೆ ಕಲಸಬಹುದು ಅಂತ ಅಷ್ಟೇ ಅರ್ಥ, ಹುಲ್ಲು ಉಳಿಯುತ್ತೆ ಅಂತಲ್ಲ. ಅದಕ್ಕೆ ಮೂಲೆಯ ಒಂದು ಚದರ ಮೀಟರ್‌ಗೆ ಹೊಡೆದು ಎರಡು ವಾರ ಕಾಯಿರಿ.
• ಪಂಪಿನಲ್ಲಿ ಮೊದಲು ಅರ್ಧ ನೀರು. ಲೇಬಲ್ ಬೇರೆ ಹೇಳದಿದ್ರೆ ಪುಡಿ, ಹರಳು ಮೊದಲು. ಚೆನ್ನಾಗಿ ಕರಗಿದ ಮೇಲೆ ಎಣ್ಣೆ ಥರದ್ದು, ಕೊನೆಗೆ ನೀರಲ್ಲಿ ಕರಗೋ ದ್ರವ. ಎರಡು ಔಷಧಿಯನ್ನ ನೀರಿಲ್ಲದೆ ನೇರ ಕಲಸಬೇಡಿ.
• ಡೋಸ್ ಲೇಬಲ್ಲಿನಷ್ಟೇ. ಆ ದಿನಕ್ಕೆ ಬೇಕಾದಷ್ಟೇ.
• ಗಾಳಿ ಇದ್ದಾಗ, ಸುಡು ಬಿಸಿಲಲ್ಲಿ, ಮಳೆ ಮೋಡ ಇದ್ದಾಗ ಬೇಡ. 2,4-ಡಿ ಹನಿ ಪಕ್ಕದ ಮನೆ ಟೊಮೆಟೊ ಗಿಡದ ಮೇಲೆ ಬಿದ್ರೂ ಎಲೆ ಮುದುರುತ್ತೆ.

5/7 ಯಾವತ್ತೂ ಬೇಡ
ಅಡುಗೆಮನೆ, ಬಚ್ಚಲುಮನೆ ಪ್ರಯೋಗ ಬೇಡವೇ ಬೇಡ. ಬ್ಲೀಚಿಂಗ್ ಪೌಡರ್‌ಗೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಸೇರಿದ್ರೆ ಕ್ಲೋರಿನ್ ಅನಿಲ ಬರುತ್ತೆ. ಗ್ಲೈಫೋಸೇಟನ್ನ ಜಿಐ ಬಕೆಟ್ಟಲ್ಲಿ ಇಟ್ಟರೆ ಹತ್ತಿಕೊಳ್ಳೋ ಹೈಡ್ರೋಜನ್ ಹುಟ್ಟುತ್ತೆ. ಉಳಿದ ಔಷಧೀನ ಕೂಲ್‌ಡ್ರಿಂಕ್ ಬಾಟಲಿಗೆ ಸುರಿದಿಡಬೇಡಿ. ಔಷಧಿ ಬಿದ್ದ ಲಾನಿನ ಹುಲ್ಲು ಕತ್ತರಿಸಿ ಹಸುಗೆ ಹಾಕಬೇಡಿ. ಅಲ್ಲಿನ ಒಂದೆಲಗ ಕಿತ್ತು ತಂಬುಳಿ ಮಾಡಬೇಡಿ, ಗರಿಕೆ ಕಿತ್ತು ಗಣಪತಿಗೂ ಬೇಡ.

ಡಬ್ಬಿ ಮೇಲೆ ಬಣ್ಣದ ಚೌಕ ಇರುತ್ತೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ವಿಷ ಕಮ್ಮಿ ಅಂತ, ವಿಷವೇ ಇಲ್ಲ ಅಂತಲ್ಲ.

6/7 ಒಂಬತ್ತನೇ ಮನೆ
ಆ ಮನೆ ಯಜಮಾನರು ಎರಡು ಡಬ್ಬಿ ತಂದು ಕೊಟ್ಟರು. ಒಂದರ ಲೇಬಲ್ ಅಳಿಸಿಹೋಗಿತ್ತು. "ಎರಡು ದಿನ ಯಾಕಪ್ಪಾ, ಎರಡನ್ನೂ ಕಲಸಿ ಒಂದೇ ಸಲ ಹೊಡೆದುಬಿಡು. ಸ್ವಲ್ಪ ಜಾಸ್ತೀನೇ ಹಾಕು."
ಅಪ್ಪ ಅಂದಿದ್ದು ಇಷ್ಟೇ: "ಏನು ಅಂತಾನೇ ಗೊತ್ತಿಲ್ದಿರೋದನ್ನ ನಾನು ಬೆನ್ನಿಗೆ ಕಟ್ಕೊಳ್ಳಲ್ಲ ಸಾರ್. ಜೇಕನ್ನ ಮಣ್ಣು ಹಸಿ ಇದ್ದಾಗ ಗೆಡ್ಡೆ ಸಮೇತ ಅಗೆದು ತೆಗೀತೀನಿ, ನಾಲ್ಕು ಸಲ ಬರಬೇಕಾಗುತ್ತೆ."
ಆ ನಾಲ್ಕು ಸಲಕ್ಕೆ ಕರೆ ಬರಲಿಲ್ಲ. ಬೇರೆ ಯಾರೋ ಬಂದು ಹೊಡೆದ್ರಂತೆ, ಚಪ್ಪಲಿಯಲ್ಲೇ, ಬರಿಗೈಯಲ್ಲೇ. ನಮ್ಮ ಮನೆಗೆ ತಿಂಗಳಿಗೆ 1,500 ರೂಪಾಯಿ ಹೋಯ್ತು. ಅಪಾಯ ಮಾತ್ರ ಎಲ್ಲೂ ಹೋಗಲಿಲ್ಲ, ಇನ್ನೊಬ್ಬರ ಬೆನ್ನಿಗೆ ದಾಟಿಕೊಳ್ತು.

7/7 ಲೆಕ್ಕ
ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಔಷಧಿ, ಕೂಲಿ, ಸಾಗಾಟ ಎಲ್ಲಕ್ಕೂ ಕಾಲಂ ಇರುತ್ತೆ. ಹೊಡೆಯೋರ ಚರ್ಮ, ಕಣ್ಣು, ಉಸಿರಿಗೆ ಕಾಲಂ ಇಲ್ಲ. ಅದಕ್ಕೇ ಬೆರೆಸೋದು ಯಾವಾಗಲೂ ಅಗ್ಗ ಅನ್ಸುತ್ತೆ. ಉಳಿದ ಒಂದು ದಿನದ ಕೂಲಿ ಯಜಮಾನರ ಜೇಬಿಗೆ, ಖರ್ಚು ಇನ್ನೊಬ್ಬರ ಮೈಗೆ.

ಈಗ ನಮ್ಮ ಬಿಲ್ಲಲ್ಲಿ ಒಂದು ಸಾಲು ಜಾಸ್ತಿ ಇದೆ: ಕೈಗವಸು, ಬೂಟು, ಕನ್ನಡಕ, ಮಾಸ್ಕ್. ಎಂಟು ಮನೆಯಲ್ಲಿ ಇಬ್ಬರು ಯಾಕೆ ಅಂತ ಕೇಳಿದ್ರು. ವಿವರಿಸಿದೆ, ಕೊಟ್ಟರು.

ನಿಮ್ಮ ಮನೇಲಿ ಲಾನ್ ಇದ್ರೆ ಒಂದೇ ಕೋರಿಕೆ. ಔಷಧಿ ಹೊಡೆಯೋಕೆ ಬಂದವರಿಗೆ ಡಬ್ಬಿ ಕೊಡೋ ಮುಂಚೆ ಲೇಬಲ್ ಜೋರಾಗಿ ಓದಿ ಹೇಳಿ. ಅವರು "ಇದು ಬೇಡ ಸಾರ್" ಅಂದ್ರೆ ಆ ಮಾತು ಕೇಳಿ. ಕೆಲಸ ಮುಗಿದ ಮೇಲೆ ಕೈಕಾಲು ತೊಳೆಯೋಕೆ ಸೋಪು, ನೀರು ಕೊಡಿ. ಕಾಫಿ ಆಮೇಲೆ.

ಭಾಗ 7: ಜೇಕಿನ ಗೆಡ್ಡೆ ಕೀಳೋದು ಹೇಗೆ, ಅಪ್ಪನ ಕೈಯಲ್ಲಿ.

#ಲಾನ್‌ಲೆಕ್ಕ #ಕಳೆ #ಮೈಸೂರು