ಚಾಮರಾಜಸಾಗರದ ದಡದಲ್ಲಿ

ಬೆಂಗಳೂರಿನಿಂದ ಮಾಗಡಿಯ ಹಾದಿ ಹಿಡಿದು ಹೊರಟು, ನಡುವೆ ಬಲಕ್ಕೋ ಎಡಕ್ಕೋ ಎಂದು ಎರಡು ಸಲ ಕೇಳಿಕೊಂಡು, ನಾವು ತಿಪ್ಪಗೊಂಡನಹಳ್ಳಿಯ ಕಟ್ಟೆಯನ್ನು ಮುಟ್ಟಿದಾಗ ಬಿಸಿಲೇರಿದ್ದಿತು. ಜೊತೆಯಲ್ಲಿ ನನ್ನ ವೃದ್ಧ ತಾಯಿಯವರಿದ್ದರು. ಈ ನೀರಿನಲ್ಲಿ ಬೇಳೆ ಬೇಗನೆ ಬೇಯುತ್ತಿತ್ತೆಂದು ಅವರು ಇಂದಿಗೂ ಹೇಳುವರು; ಕೊಳವೆ ಬಾವಿಯ ಗಡಸು ನೀರಿನೊಡನೆ ಹೆಣಗಿದ ಗೃಹಿಣಿಯರಿಗೆ ಆ ಮಾತಿನ ಬೆಲೆ ತಿಳಿಯದಿರದು.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಇಲ್ಲಿ ಕೂಡುವುವು. 1894ರಲ್ಲಿ ಕಟ್ಟಿದ ಹೆಸರುಘಟ್ಟದ ಜಲಾಶಯವು ಬೆಳೆಯುವ ಪಟ್ಟಣಕ್ಕೆ ಸಾಲದಾಗಲು, 1933ರಲ್ಲಿ ಈ ಕಟ್ಟೆಯೆದ್ದಿತು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರಿನ ದಾಹವನ್ನು ಬಹುಮಟ್ಟಿಗೆ ತಣಿಸಿದುದು ಇದೇ.

ಆಮೇಲೆ ಹೊಳೆಗಳು ಬಡವಾದುವು. ಮೇಲಣ ಕೆರೆಗಳ ಕಾಲುವೆಗಳು ಮುಚ್ಚಿದುವು, ನೀಲಗಿರಿಯ ತೋಪುಗಳು ಹಬ್ಬಿದುವು, ಕೊಳವೆ ಬಾವಿಗಳು ಅಂತರ್ಜಲವನ್ನು ಹೀರಿದುವು. ಮಳೆಯ ನೀರು ಕುಗ್ಗಿತಾದರೂ ಊರುಗಳ ಮತ್ತು ಕಾರ್ಖಾನೆಗಳ ಕೊಚ್ಚೆ ಕುಗ್ಗಲಿಲ್ಲ. ತುಂಬು ಹೊಳೆಯಲ್ಲಿ ಕರಗಿ ತೆಳುವಾಗುತ್ತಿದ್ದ ಕೊಳೆಯು ಈಗ ಹಾಗೆಯೇ ಬಂದು ನಿಲ್ಲುವುದು. ಒಲೆಯ ಮೇಲೆ ಮರೆತ ಸಾರನ್ನು ನೆನೆಯಿರಿ: ನೀರು ಆವಿಯಾಗುವುದು, ಉಪ್ಪು ಆವಿಯಾಗದು. ಹೊಸ ನೀರಿಲ್ಲದ ಜಲಾಶಯದ ಪಾಡೂ ಅದೇ. ಆಳ ತಗ್ಗಿದಾಗ ನೀರು ಬೇಗ ಕಾಯುವುದು. ಕೊಚ್ಚೆಯ ರಂಜಕ ಸಾರಜನಕಗಳನ್ನುಂಡು ಪಾಚಿಯು ಕೊಬ್ಬುವುದು. ಸತ್ತ ಪಾಚಿ ತಳದಲ್ಲಿ ಕೊಳೆಯುತ್ತ ಅಲ್ಲಿಯ ಆಮ್ಲಜನಕವನ್ನೆಲ್ಲ ಮುಗಿಸಿಬಿಡುವುದು. ಆಗ ಕೆಸರಿನಲ್ಲಿ ಅಡಗಿದ್ದ ಕಬ್ಬಿಣ, ಮ್ಯಾಂಗನೀಸುಗಳು ನೀರಿಗಿಳಿಯುವುವು. ಕೊಳೆತ ಮೊಟ್ಟೆಯ ನಾತವೂ ಏಳುವುದು. ಬರದ ತರುವಾಯದ ಮೊದಲ ಮಳೆಯನ್ನು ನಾವು ಹರ್ಷದಿಂದ ಬರಮಾಡಿಕೊಳ್ಳುವೆವಷ್ಟೆ; ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೂಡಿದ ಹೊಲಸನ್ನು ಒಮ್ಮೆಗೇ ಗುಡಿಸಿ ತರುವುದೂ ಅದೇ ಮಳೆ.

2003ರಲ್ಲಿ ಸರ್ಕಾರವು ಈ ಜಲಾನಯನದ ರಕ್ಷಣೆಗೆಂದು ಆಜ್ಞೆ ಹೊರಡಿಸಿತು. ಆದರೂ 2012ರಲ್ಲಿ ಇಲ್ಲಿಂದ ನಗರಕ್ಕೆ ನೀರೆತ್ತುವುದು ನಿಂತಿತು. ದೊಡ್ಡ ಮಳೆಯ ವರ್ಷಗಳಲ್ಲಿ ಜಲಾಶಯವು ಮತ್ತೆ ಏರಿ ಹೊಳೆಯುವುದುಂಟು. ನೋಟಕ್ಕೆ ಅದು ಮೋಹಕವೇ. ನೋಟದಿಂದ ನೀರಿನ ಗುಣವನ್ನು ಅಳೆಯುವವರು ಮೋಸಹೋಗುವರು.

ನಾವು ಹೋದಾಗ ನೀರು ದಡದಿಂದ ದೂರ ಸರಿದಿದ್ದಿತು. ಬಿರಿದ ಕೆಸರಿನಾಚೆ ಅದರ ಅಂಚು ಹಸುರಾಗಿ, ಬಣ್ಣ ಕಲಸಿದಂತೆ ಮಂದವಾಗಿದ್ದಿತು. ತಾಯಿಯವರು ಸಂಗಮದ ನೀರಿಗೆಂದು ಮನೆಯಿಂದ ಒಂದು ತಾಮ್ರದ ಚೊಂಬನ್ನು ತಂದಿದ್ದರು. ಬಹಳ ಹೊತ್ತು ನೋಡುತ್ತ ನಿಂತು, ಅದನ್ನು ಸೆರಗಿನಿಂದ ಒರಸಿ ಮತ್ತೆ ಚೀಲದೊಳಗಿಟ್ಟರು.