ಶಿವಾಜಿ ಪಾರ್ಕಿನ ಎಣ್ಣೆಗಂಬ

ಮುಂಬಯಿಯ ದಾದರ್ ನಿಲ್ದಾಣದಲ್ಲಿಳಿದು, ಹೂವಿನ ಮಾರುಕಟ್ಟೆಯ ನೂಕುನುಗ್ಗಲನ್ನು ಹೇಗೋ ದಾಟಿ ಕಡಲಿನ ದಿಕ್ಕಿಗೆ ನಡೆದರೆ ಇಪ್ಪತ್ತು ನಿಮಿಷಗಳಲ್ಲಿ ಶಿವಾಜಿ ಪಾರ್ಕು ಎದುರಾಗುತ್ತದೆ. 1925ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಇದರ ಹೆಸರು ಮಾಹಿಮ್ ಪಾರ್ಕು. ಎರಡು ವರ್ಷಗಳ ತರುವಾಯ ಶಿವಾಜಿ ಪಾರ್ಕು ಎಂಬ ಹೆಸರು ಬಂದಿತು. ಮೈದಾನವನ್ನು ಸುತ್ತುವರಿದ ಮೋಟುಗೋಡೆಯನ್ನು ಇಲ್ಲಿಯವರು ‘ಕಟ್ಟಾ’ ಎನ್ನುತ್ತಾರೆ. ನಮ್ಮ ಅರಳಿಕಟ್ಟೆಯ ತಮ್ಮನೇ ಅದು. ಮಾಡುವ ಕೆಲಸವೂ ಅದೇ. ಸಂಜೆಯಾಯಿತೆಂದರೆ ಪಿಂಚಣಿದಾರರೂ ಕಾಲೇಜು ಹುಡುಗರೂ ಅದರ ಮೇಲೆ ಸಾಲಾಗಿ ಕುಳಿತು ಲೋಕದ ವಿಚಾರಗಳನ್ನೆಲ್ಲ ಇತ್ಯರ್ಥ ಮಾಡುತ್ತಾರೆ.

ಈ ನೆಲದ ಕೀರ್ತಿಯೆಲ್ಲ ಕ್ರಿಕೆಟ್ಟಿನ ಪಾಲಾಗಿದೆ. ತೆಂಡೂಲ್ಕರರು ಬ್ಯಾಟು ಹಿಡಿದು ಬೆಳೆದ ಜಾಗವೆಂದು ಎಳೆಯ ಮಗುವೂ ಹೇಳೀತು. ಆದರೆ ಚೆಂಡಿನ ಸದ್ದನ್ನು ಹಿಂದೆ ಬಿಟ್ಟು ಶ್ರೀ ಸಮರ್ಥ ವ್ಯಾಯಾಮ ಮಂದಿರದ ಕಡೆ ಹೆಜ್ಜೆ ಹಾಕಿದವರಿಗೆ ಬೇರೊಂದು ಲೋಕವೇ ತೆರೆಯುತ್ತದೆ. ಅಲ್ಲಿ ಮೊದಲು ಅನುಭವಕ್ಕೆ ಬರುವುದು ಹರಳೆಣ್ಣೆಯ ವಾಸನೆ. ಮಲ್ಲಕಂಬ ಕಾಣಿಸುವುದು ಆಮೇಲೆ.

ಬೀಟೆಯ ಜಾತಿಯ ಶೀಶಮ್ ಮರದಿಂದಲೋ ತೇಗದಿಂದಲೋ ಕಡೆದ, ಎಂಟು ಅಡಿಗಿಂತ ಎತ್ತರದ ಕಂಬ. ಬುಡದಲ್ಲಿ ದಪ್ಪ, ಮೇಲೇರಿದಂತೆ ಸಪೂರ, ತುದಿಯಲ್ಲಿ ಒಂದು ಕೊರಳು, ಅದರ ಮೇಲೆ ಗುಂಡು ತಲೆ. ಎದುರಾಳಿ ಮಲ್ಲನನ್ನೇ ಮರದಲ್ಲಿ ಕೆತ್ತಿ ನಿಲ್ಲಿಸಿದಂತೆ ತೋರುತ್ತದೆ. ಚರ್ಮ ಉಜ್ಜಿ ಸುಡದಿರಲೆಂದು ಹರಳೆಣ್ಣೆ ಸವರುತ್ತಾರೆ. ನುಣುಪು ಹೆಚ್ಚಿದಷ್ಟೂ ಹಿಡಿತಕ್ಕೆ ಬಲ ಬೇಕು. ಹಾಗಾಗಿ ಎಣ್ಣೆಯೂ ಒಬ್ಬ ಗುರುವೇ. ಹಗ್ಗದ ಮಲ್ಲಕಂಬ ಎಂಬ ಇನ್ನೊಂದು ಬಗೆಯುಂಟು. ಹಿಂದೆ ಬೆತ್ತವಿತ್ತು, ಒಳ್ಳೆಯ ಬೆತ್ತ ದುರ್ಲಭವಾದಂತೆ ಹತ್ತಿಯ ಹಗ್ಗ ಬಂದಿತು. ಹಗ್ಗಕ್ಕೆ ಗಂಟು ಹಾಕುವಂತಿಲ್ಲ. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅದನ್ನು ಸಿಕ್ಕಿಸಿಯೇ ಮೇಲೇರಬೇಕು. ಬಹುಕಾಲ ಹುಡುಗಿಯರ ಪಾಲಿಗಿದ್ದುದು ಈ ಹಗ್ಗ. ಈಗ ಅವರು ಕಂಬವನ್ನೂ ಬಿಟ್ಟಿಲ್ಲ.

ಇಂಥ ಕಂಬದ ಬುಡದಲ್ಲಿ ಮಾಟುಂಗದ ಕನ್ನಡ ಮನೆಯೊಂದರ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ಹನ್ನೆರಡು. ಸೇರಿದ ಮೊದಲ ಮೂರು ತಿಂಗಳು ಅವಳಿಗೆ ಹಬ್ಬ. ಕಂಬವನ್ನು ಕೈಯಿಂದ ಹಿಡಿದು, ಕಾಲುಗಳನ್ನು ತಲೆಯ ಮೇಲಕ್ಕೆಸೆದು, ತೊಡೆಗಳಲ್ಲಿ ಕಂಬವನ್ನಪ್ಪಿ ತಲೆಕೆಳಗಾಗಿ ನಿಲ್ಲುವ ‘ಸಾಧೀ ಉಡೀ’ ಎರಡೇ ವಾರಗಳಲ್ಲಿ ಬಂದಿತು. ದಿನಕ್ಕೊಂದು ಹೊಸತು, ಮನೆಯಲ್ಲಿ ಊಟಕ್ಕೆ ಕುಳಿತರೂ ಅದೇ ಮಾತು. ನಾಲ್ಕನೆಯ ತಿಂಗಳಿಂದ ಎಲ್ಲ ನಿಂತುಹೋಯಿತು. ತಲೆಕೆಳಗಾದ ಸ್ಥಿತಿಯಿಂದ ಇನ್ನೊಂದು ಮಜಲು ಮೇಲೇರಬೇಕು. ಪ್ರತಿ ಸಂಜೆಯೂ ಅದೇ ಜಾಗದಲ್ಲಿ ಕೈ ಜಾರುತ್ತದೆ. ತೊಡೆಯ ಒಳಭಾಗ ಕೆಂಪಾಗಿದೆ. ತನಗಿಂತ ತಡವಾಗಿ ಸೇರಿದ ಪುಟ್ಟ ಹುಡುಗ ಕಂಬದ ತಲೆಯ ಮೇಲೆ ನಿಂತು ನಗುತ್ತಿದ್ದಾನೆ.

“ನಾಳೆಯಿಂದ ನಾ ಬರಲ್ಲ ಅಮ್ಮ. ನಂಗೆ ಇದು ಬರೋದೇ ಇಲ್ಲ.”

“ನಿನ್ನೆಯೂ ಹಾಗೇ ಅಂದೆಯಲ್ಲೇ ಪುಟ್ಟಿ!”

ಮಗಳ ದುಃಖ ಇದಾದರೆ ತಾಯಿಯ ಲೆಕ್ಕ ಬೇರೆ: ಟ್ಯೂಷನ್ ಇದೆ, ಪರೀಕ್ಷೆ ಹತ್ತಿರ, ಬಸ್ಸಿನಲ್ಲಿ ಹೋಗಿಬರುವ ಹೊತ್ತೂ ದಂಡ. ಇಂಥ ಹುಡುಗಿ, ಇಂಥ ತಾಯಿ ಯಾವ ವ್ಯಾಯಾಮಶಾಲೆಗೂ ಹೊಸಬರಲ್ಲ. ಮಕ್ಕಳು ಬಿಟ್ಟುಹೋಗುವುದು ಬಿದ್ದ ದಿನವಲ್ಲ, ಏನೂ ಆಗದ ದಿನಗಳಲ್ಲಿ.

ಸಾಗರದಾಚೆಯೂ ಇದೇ ಗೋಳು. ಪೋಲ್ ಡ್ಯಾನ್ಸ್ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಹುಬ್ಬೇರಿಸುವವರಿದ್ದಾರೆ; ಅದು ಹುಟ್ಟಿದ ಜಾಗಗಳ ನೆನಪಿನಿಂದ ಬಂದ ಸಂಕೋಚ. ಆದರೆ ಇಂದು ಅದನ್ನು ವ್ಯಾಯಾಮವೆಂದು ಕಲಿಯುವವರಲ್ಲಿ ಗೃಹಿಣಿಯರೂ ಕಚೇರಿಯ ನೌಕರರೂ ಇದ್ದಾರೆ. 2017ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಮಹಾಒಕ್ಕೂಟ ಪೋಲ್ ಕ್ರೀಡೆಯ ಸಂಸ್ಥೆಗೆ ವೀಕ್ಷಕ ಸ್ಥಾನವನ್ನೂ ನೀಡಿತು. ಅವರದು 45 ಮಿಲಿಮೀಟರ್ ದಪ್ಪದ ಲೋಹದ ಕಂಬ. ಎಣ್ಣೆಗೆ ಬದಲು ಸೀಮೆಸುಣ್ಣದ ಪುಡಿ. ಸಾಧನ ಬೇರೆ, ಸಂಕಟ ಒಂದೇ: ಮೊದಮೊದಲು ದಾಪುಗಾಲು, ಆಮೇಲೆ ತಿಂಗಳುಗಟ್ಟಲೆ ಒಂದೇ ಮೆಟ್ಟಿಲು.

ಈ ನಿಲುಗಡೆಯನ್ನು ಅಳತೆ ಮಾಡಿ ತೋರಿಸಿದ ಹೆಸರಾಂತ ಪ್ರಯೋಗ ನಡೆದದ್ದು ಕಂಬದ ಮೇಲಲ್ಲ, ತಂತಿ ಕಚೇರಿಯಲ್ಲಿ! ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು ತಂತಿ ಕಲಿಯುವವರ ವೇಗವನ್ನು ವಾರವಾರ ಗುರುತು ಹಾಕಿ 1897ರಲ್ಲಿಯೂ 1899ರಲ್ಲಿಯೂ ಪ್ರಕಟಿಸಿದರು. ಸಂದೇಶ ಕಳುಹಿಸುವ ವೇಗ ಏರುತ್ತಲೇ ಹೋಯಿತು. ಕೇಳಿ ಗ್ರಹಿಸುವ ವೇಗ ಮಾತ್ರ ಒಂದೆಡೆ ವಾರಗಟ್ಟಲೆ ಮಟ್ಟಸವಾಗಿ ನಿಂತು, ಆಮೇಲೆ ಮತ್ತೆ ಏರಿತು. ಬಿಡಿ ಅಕ್ಷರ ಕೇಳುತ್ತಿದ್ದ ಕಿವಿ ಇಡೀ ಪದವನ್ನು, ಪದಗುಚ್ಛವನ್ನು ಒಟ್ಟಿಗೆ ಹಿಡಿಯಲು ಕಲಿಯುತ್ತಿದ್ದ ಕಾಲವದು ಎಂದು ಅವರ ವಿವರಣೆ. ಎಲ್ಲರೂ ಇದನ್ನೊಪ್ಪಲಿಲ್ಲ; 1958ರಲ್ಲಿ ಕೆಲರ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಮಟ್ಟಸವೇ ಒಂದು ಭ್ರಮೆಯೆಂದು ಬರೆದರು. ಭಾರತದ ತಂತಿ ಸೇವೆ 2013ರಲ್ಲಿ ಮುಚ್ಚಿದರೂ ಈ ವಾದ ಮುಗಿದಿಲ್ಲ.

ಹುಡುಗಿಯ ದೇಹದಲ್ಲಂತೂ ಕಾರಣಗಳು ಸ್ಪಷ್ಟ. ಮೊದಲ ವಾರಗಳಲ್ಲಿ ಹೆಚ್ಚಿದ ಬಲ ಬಹುಪಾಲು ನರಗಳ ಕೊಡುಗೆ: ಇದ್ದ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ಅವು ಕಲಿಯುತ್ತವೆ. ಆ ಉಳಿತಾಯ ಮುಗಿದ ಮೇಲೆ ಸ್ನಾಯು ನಿಜವಾಗಿಯೂ ಬೆಳೆಯಬೇಕು. ಅದನ್ನು ಎಲುಬಿಗೆ ಬಿಗಿದ ಸ್ನಾಯುರಜ್ಜು ಇನ್ನೂ ನಿಧಾನಿ. ಆತುರಪಟ್ಟು ಹೇರಿದರೆ ಮೊಣಕೈ, ಭುಜಗಳು ದೂರು ಹೇಳುತ್ತವೆ. ಇದಲ್ಲದೆ ಹನ್ನೆರಡರ ವಯಸ್ಸೇ ಒಂದು ತೊಡಕು. ಎತ್ತರ ಮೊದಲು ಜಿಗಿಯುತ್ತದೆ, ಬಲ ಹಿಂದಿನಿಂದ ಬರುತ್ತದೆ. ಕಳೆದ ದೀಪಾವಳಿಯ ಲಂಗ ಈ ಯುಗಾದಿಗೆ ಗಿಡ್ಡವಾಯಿತೆಂದು ಸಂತೋಷಪಡುವ ತಾಯಿ, ಅದೇ ಉದ್ದ ಕಾಲುಗಳನ್ನು ಮಗಳು ಈಗ ಹಳೆಯ ಬಲದಿಂದಲೇ ಎತ್ತಬೇಕೆಂಬುದನ್ನು ಮರೆಯುವುದುಂಟು. ಪುಟ್ಟ ಹುಡುಗನಿಗೆ ಆ ಭಾರವಿಲ್ಲ.

ನುರಿತ ಶಿಕ್ಷಕರು ಇಷ್ಟೆಲ್ಲ ಬೋಧಿಸಲು ಹೋಗುವುದಿಲ್ಲ. ಜಾರುವ ಜಾಗದಲ್ಲೇ ನೂರು ಸಲ ಜಾರಿಸುವುದನ್ನು ನಿಲ್ಲಿಸುತ್ತಾರೆ, ಅಷ್ಟೆ. ಕೆಲವು ದಿನ ಕಂಬ ಬಿಡಿಸಿ ಹಗ್ಗಕ್ಕೆ ಕಳುಹಿಸುತ್ತಾರೆ. ಬಲಗೈ ಮೇಲೆ ಹಿಡಿಯುವವಳಿಗೆ ಎಡಗೈ ಮೇಲಿಡಲು ಹೇಳುತ್ತಾರೆ. ಕಷ್ಟದ ಪಟ್ಟನ್ನು ತುಂಡುಮಾಡಿ ಅರ್ಧವನ್ನಷ್ಟೇ ಮಾಡಿಸುತ್ತಾರೆ. ಒಂದು ವಾರ ಶ್ರಮವನ್ನೇ ತಗ್ಗಿಸುತ್ತಾರೆ. ಎಲ್ಲಕ್ಕಿಂತ ಜಾಣತನದ ಉಪಾಯ ಇನ್ನೊಂದಿದೆ: ನಿಂತುಹೋದವಳ ಕೈಗೆ ಆರು ವರ್ಷದ ಹೊಸ ಮಗುವನ್ನೊಪ್ಪಿಸಿ ಸಾಧೀ ಉಡೀ ಕಲಿಸೆನ್ನುವುದು. ಹಿರಿಯ ಹುಡುಗಿಯನ್ನು ಕಿರಿಯರು ‘ತಾಈ’ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಅಕ್ಕ ಎಂದರ್ಥ. ಕನ್ನಡದ ಕಿವಿಗೆ ಅದು ತಾಯಿ ಎಂದೇ ಕೇಳುವುದು ಒಂದು ಸೊಗಸು. ಹೀಗೆ ಪದೋನ್ನತಿ ಪಡೆದವಳು ಮರುದಿನ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಈ ಕಲೆಯ ಪುನರುಜ್ಜೀವನದ ಕಥೆಯೂ ಹೀಗೆ ತಡೆದು ನಿಂತ ಒಬ್ಬನದೇ. ಎರಡನೆಯ ಬಾಜೀರಾಯ ಪೇಶ್ವೆಯ ದರಬಾರಿಗೆ ಹೈದರಾಬಾದಿನ ನಿಜಾಮನ ಸೀಮೆಯಿಂದ ಅಲಿ, ಗುಲಾಬ್ ಎಂಬ ಜಟ್ಟಿಗಳು ಬಂದು ಸವಾಲೆಸೆದರಂತೆ. ಸವಾಲು ಹಿಡಿದ ಬಾಳಂಭಟ್ಟ ದಾದಾ ದೇವಧರನು ಆ ಕ್ಷಣವೇ ಅಖಾಡಕ್ಕಿಳಿಯಲಿಲ್ಲ, ಕಾಲಾವಕಾಶ ಕೇಳಿದ. ನಾಸಿಕದ ಬಳಿಯ ವಣಿಯಲ್ಲಿರುವ ಸಪ್ತಶೃಂಗಿಯ ಸನ್ನಿಧಿಗೆ ಹೋಗಿ ಮರದ ಕಂಬದೊಡನೆ ಸೆಣಸುವುದನ್ನು ಸಾಧಿಸಿ, ಮರಳಿ ಬಂದು ಅಲಿಯನ್ನು ಮಣಿಸಿದನೆಂದು ಪ್ರತೀತಿ. ಕನಸಿನಲ್ಲಿ ಆಂಜನೇಯನೇ ಕಲಿಸಿದನೆಂದೂ ಹೇಳುತ್ತಾರೆ. ಎಷ್ಟು ನಿಜವೋ, ಸಮಯ ಕೇಳುವ ಧೈರ್ಯವಂತೂ ಮೆಚ್ಚತಕ್ಕದ್ದು.

ಮಲ್ಲರ ಕಂಬದ ಸಾಧನೆ ಕನ್ನಡನಾಡಿಗೆ ಹೊರಗಿನದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೇ ಅದರ ಉಲ್ಲೇಖವಿದೆ. ಗದಗ, ಬಾಗಲಕೋಟೆಗಳ ಕಡೆ ಇಂದಿಗೂ ಹಳ್ಳಿಯ ಹುಡುಗರು ಕಂಬವೇರುತ್ತಾರೆ. ಶಿವಾಜಿ ಪಾರ್ಕಿನಲ್ಲಿ 2019ರಲ್ಲಿ ಮೊದಲ ವಿಶ್ವ ಮಲ್ಲಕಂಬ ಸ್ಪರ್ಧೆ ನಡೆದಾಗ ಪರದೇಶದವರೂ ಬಂದು ಎಣ್ಣೆ ಹಚ್ಚಿಕೊಂಡರು. ಇಲ್ಲಿನ ಹಿರಿಯ ಶಿಕ್ಷಕ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂದಿತು.

ದೀಪ ಹೊತ್ತುವ ವೇಳೆಗೆ ಕಟ್ಟೆಯ ಮೇಲೆ ಜಾಗ ಸಿಗುವುದಿಲ್ಲ. ಒಳಗೆ ಮಾಟುಂಗದ ಹುಡುಗಿ ಒಂದು ಪುಟ್ಟ ಮಗುವಿನ ಸೊಂಟವನ್ನು ಆತುಕೊಂಡು ನಿಂತಿದ್ದಾಳೆ. “ಕೆಳಗೆ ನೋಡಬೇಡ, ಕಾಲು ಎಸಿ” ಎಂದು ಮರಾಠಿಯಲ್ಲಿ ಗದರುತ್ತಿದ್ದಾಳೆ. ಮಗು ಎರಡು ಸಲ ಜಾರಿತು, ಮೂರನೆಯ ಸಲ ಅಂಟಿಕೊಂಡಿತು. ತಾಯಿ ಕೈಗಡಿಯಾರ ನೋಡಿಕೊಂಡರು, ಬಸ್ಸಿಗೆ ಹೊತ್ತಾಗಿತ್ತು. ಮಗಳು ಮಾತ್ರ ಅಂಗೈಯ ಎಣ್ಣೆಯನ್ನು ಒರೆಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೊಮ್ಮೆ ಕಂಬದ ಬಳಿಗೆ ಹೋದಳು.