ಗುತ್ತಿಯ ನೆರವನ್ನು ನಂಬಿದ ಚಿಕ್ಕಬಳ್ಳಾಪುರ

1761ರ ಪಾಣಿಪತ್ ಸೋಲಿನ ನಂತರ ನಮ್ಮ ಸೀಮೆಯಲ್ಲಿ ಮರಾಠರ ಹಿಡಿತ ಸಡಿಲಾಯಿತು. ಹೈದರಾಲಿ ಮುತ್ತಿಗೆ ಹಾಕಿದಾಗ ಚಿಕ್ಕಬಳ್ಳಾಪುರದ ಪಾಳೆಯಗಾರ ಹಣ ಕೊಡಲು ಒಪ್ಪಿದ. ಮೈಸೂರು ಪಡೆ ಹಿಂದೆ ಸರಿದದ್ದೇ ತಡ, ಗುತ್ತಿಯ ಮರಾಠ ಸರದಾರ ಮುರಾರಿರಾಯನ ಸೈನ್ಯವನ್ನು ಕೋಟೆಯೊಳಗೆ ಬಿಟ್ಟುಕೊಂಡ. ಹೈದರ್ ತಿರುಗಿ ಬಂದು ಕೋಟೆಯನ್ನೂ ನಂದಿಬೆಟ್ಟವನ್ನೂ ಕಿತ್ತುಕೊಂಡ. ಆಮೇಲೆ ಮುರಾರಿರಾಯನೇ ಪೆನುಕೊಂಡ, ಮಡಕಶಿರಾ ಕಳೆದುಕೊಂಡ. ಅಮೆರಿಕದ ರಕ್ಷಣೆಯನ್ನೇ ನೆಚ್ಚಿಕೊಂಡಿರುವ ಇಂದಿನ ಮಧ್ಯಮ ದೇಶಗಳು ಚಿಕ್ಕಬಳ್ಳಾಪುರದ ಈ ಇತಿಹಾಸ ಓದಬೇಕು. ದೊಡ್ಡಣ್ಣನ ಹಳೇ ವರ್ಚಸ್ಸು ಹಾಗಿರಲಿ, ಇವತ್ತು ಅವನು ಎಷ್ಟು ಸೈನ್ಯ ಕಳಿಸಬಲ್ಲ ಎಂಬುದೇ ಲೆಕ್ಕ.

ಪಾಳೆಯಗಾರ ಒಪ್ಪಿದಂತೆ ಹಣ ಕೊಟ್ಟಿದ್ದರೂ ಹೈದರ್ ಬಿಡುತ್ತಿರಲಿಲ್ಲ ಎನ್ನಬಹುದು. ನಿಜವಿರಬಹುದು. ಆದರೆ ಅದೇ ಕಾಲದಲ್ಲಿ ಅವನೊಡನೆ ರಾಜಿಯಾದ ಚಿತ್ರದುರ್ಗ 1779ರವರೆಗೂ ಉಳಿಯಿತು. ಅಷ್ಟು ವರ್ಷ ಕೈಗೆ ಸಿಕ್ಕರೆ ಬೊಕ್ಕಸ ತುಂಬಿಸಬಹುದು, ಹೊಸ ಗೆಳೆಯರನ್ನೂ ಹುಡುಕಬಹುದು.